ಎರಡು ಕೋವಿಗೆ ಒಂದು ಕೊಳವೆ

ಮಕ್ಕಳ ಅಳು ಕೇಳಿ ತಲೆ ಸಿಡಿಯುತ್ತದೆ ಎನ್ನುವವರನ್ನು ಕಂಡರೆ ನನಗೆ ಹೊಟ್ಟೆಯುರಿ. ನಮ್ಮ ಶಾಲೆಯ ಹೆಡ್‌ಮಾಸ್ತರರು ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕುಳಿತವರೇ ತಮ್ಮ ಮೂರು ಮಕ್ಕಳು ಒಟ್ಟಿಗೆ ರಾಗ ತೆಗೆದ ಕಥೆಯನ್ನು ವಿಸ್ತಾರವಾಗಿ ಹೇಳಿ, ಕೊನೆಗೆ ನನ್ನ ಕಡೆ ತಿರುಗಿ, ಸುಖವೆಂದರೆ ನಿಮ್ಮದು ಎಂದು ನಿಟ್ಟುಸಿರು ಬಿಡುತ್ತಾರೆ. ನಾನು ಹಲ್ಲು ಕಿರಿಯುತ್ತೇನೆ. ನನ್ನ ಸುಖ ಎಂಥದ್ದೆಂದು ಅವರಿಗೇನು ಗೊತ್ತು? ಮನೆಗೆ ಹೋದರೆ ನನ್ನನ್ನು ಮಾತಾಡಿಸುವುದು ಗೋಡೆಯ ಹಲ್ಲಿ ಒಂದೇ. ಒಲೆಯ ಮೇಲೆ ಗಂಜಿ ಕುದಿಯುವ ಸದ್ದು ಜಗಲಿಗೆ ಕೇಳುತ್ತದೆ. ಸದ್ದಿಲ್ಲದ ಮನೆ ಬೇಕು ಎನ್ನುವವರು ಒಂದು ವಾರ ಬಂದು ಇಲ್ಲಿರಲಿ, ಎಂಟನೆಯ ದಿನ ಅವರೇ ಹಲ್ಲಿಗೆ ಹೆಸರಿಡುತ್ತಾರೆ. ಇಷ್ಟೆಲ್ಲ ಹೇಳುವ ನಾನೇ ಎರಡು ವರ್ಷದ ಹಿಂದೆ, ಸದ್ದು ಅಡಗಿಸುವ ಒಂದು ಕೊಳವೆಗಾಗಿ ಕುಂದಾಪುರದ ಪೇಟೆ ಅಲೆದವನು ಎಂದರೆ ನಿಮಗೆ ನಗು ಬರಬಹುದು. ಧಾರಾಳವಾಗಿ ನಗಿ. ನಮ್ಮೂರಿನವರೆಲ್ಲ ನಕ್ಕಾಗಿದೆ. ನಗದೆ ಉಳಿದವರು ನೆರೆಮನೆಯ ಮಂಜಯ್ಯ ಶೆಟ್ಟರು ಒಬ್ಬರೇ, ಅದೂ ಏಕೆಂದರೆ ಅವರೂ ನನ್ನ ಜೊತೆಗೆ ಅಲೆದಿದ್ದರು.

ನಮ್ಮೂರು ಕುಂದಾಪುರದಿಂದ ಶಂಕರನಾರಾಯಣಕ್ಕೆ ಹೋಗುವ ದಾರಿಯಲ್ಲಿ ಒಳಗೆ ಸರಿದು ಹೊಳೆಯ ಬದಿಯಲ್ಲಿದೆ. ಹೊಳೆಯ ಈಚೆ ನನ್ನ ಗದ್ದೆ, ಗದ್ದೆಯ ಮೇಲ್ಬದಿಗೆ ಮನೆ, ಮನೆಯ ಹಿಂದೆ ಹಾಡಿ ಎನ್ನುವ ಕುರುಚಲು ಕಾಡು, ಹಾಡಿಯ ತುಂಬ ಕಾಡುಹಂದಿ. ಗದ್ದೆಯೂ ಮನೆಯೂ ಅಜ್ಜಯ್ಯ ಬಿಟ್ಟುಹೋದದ್ದು, ಹಂದಿಗಳೂ ಹೆಚ್ಚುಕಡಿಮೆ ಅವರ ಕಾಲದವೇ. ಅವುಗಳ ಸಲುವಾಗಿ ಅಜ್ಜಯ್ಯ ಪರವಾನಗಿ ಮಾಡಿಸಿ ಒಂದು ಕೇಪಿನ ಕೋವಿಯನ್ನೂ ಇಟ್ಟಿದ್ದರು. ಆದರೆ ಜನಿವಾರದ ಮನುಷ್ಯ. ಮೇಲಾಗಿ ಹಂದಿಯೆಂದರೆ ದೇವರ ಮೂರನೆಯ ಅವತಾರ. ಕೊಲ್ಲುವುದು ನಮಗೆ ಹೇಳಿದ್ದಲ್ಲ, ಹೆದರಿಸುವುದಕ್ಕೆ ಅಡ್ಡಿಯಿಲ್ಲ ಎಂದು ಅವರೇ ಒಂದು ತೀರ್ಮಾನ ಮಾಡಿಕೊಂಡರು. ಹಾಗಾಗಿ ನಮ್ಮ ಮನೆಯ ಕೋವಿಗೆ ಇಂದಿನವರೆಗೆ ಯಾರೂ ಗುಂಡು ಹಾಕಿದ್ದಿಲ್ಲ. ಬರೀ ಮದ್ದು ತುಂಬಿ, ಮುಚ್ಚಂಜೆಯ ಹೊತ್ತಿಗೆ ಗದ್ದೆಯ ತಲೆಯಲ್ಲಿ ನಿಂತು, ಆಕಾಶದ ಕಡೆಗೆ ಒಂದು ಈಡು. ಢಮ್ ಎಂದರೆ ಹಂದಿಗಳು ಹಾಡಿಯಿಂದ ಇಳಿಯುವ ಯೋಚನೆಯನ್ನು ಮರುದಿನಕ್ಕೆ ಮುಂದೂಡುತ್ತವೆ. ಅಜ್ಜಯ್ಯ ಹೊಡೆದರು, ಅಪ್ಪಯ್ಯ ಹೊಡೆದರು, ಈಗ ನಾನು. ಮೂರು ತಲೆಮಾರು ಕೋವಿ ಹಿಡಿದೂ ಒಂದು ಗುಬ್ಬಿಯನ್ನು ಕೊಂದ ಪಾಪ ನಮ್ಮ ಮನೆಗೆ ಅಂಟಿಲ್ಲ.

ಹೊಳೆಯ ಆಚೆ ದಡದಲ್ಲಿ ನನ್ನ ಮಾವನ ಮನೆ. ಇಷ್ಟು ಹತ್ತಿರದ ಹೆಣ್ಣನ್ನು ತಂದುಕೊಳ್ಳಬಾರದೆಂದು ಹಿರಿಯರು ಯಾರಾದರೂ ನನಗೆ ಮೊದಲೇ ಹೇಳಬೇಕಿತ್ತು. ದೂರದ ಬೈಂದೂರಿನಲ್ಲೋ ಬ್ರಹ್ಮಾವರದಲ್ಲೋ ಹೆಂಡತಿಯ ತವರಾದರೆ ಅವಳು ಹೋದಾಗ ಮನಸ್ಸು ಒಮ್ಮೆ ಅತ್ತು ಸುಮ್ಮನಾಗುತ್ತದೆ. ನನ್ನದು ಹಾಗಲ್ಲ. ಜಗಲಿಯಲ್ಲಿ ಕೂತರೆ ಎದುರು ದಡದಲ್ಲಿ ಮಾವನ ಮನೆಯ ಹಂಚು ಕಾಣುತ್ತದೆ. ಬೆಳಿಗ್ಗೆ ಅವರ ಒಲೆಯ ಹೊಗೆ ಕಾಣುತ್ತದೆ. ಮಧ್ಯಾಹ್ನ ಹಗ್ಗದ ಮೇಲೆ ಒಣಗುವ ಸೀರೆ ಕಾಣುತ್ತದೆ, ಅದು ಹೆಂಡತಿ ಗಿರಿಜೆಯ ಹಸಿರು ಸೀರೆಯೋ ಅತ್ತೆಯ ಕೆಂಪು ಸೀರೆಯೋ ಎಂಬುದೂ ಗೊತ್ತಾಗುತ್ತದೆ. ಹೋಗೋಣವೆಂದರೆ ಅಳಿಯನಾದವನು ಕರೆಯದೆ ವಾರಕ್ಕೆರಡು ಸಲ ಮಾವನ ಮನೆಯ ಮೆಟ್ಟಿಲು ಹತ್ತಿದರೆ ಊರವರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಹಾಗಾಗಿ ನಾನು ಈಚೆ ದಡದಲ್ಲಿ ಕೂತು ಹಸಿರು ಸೀರೆ ನೋಡಿಕೊಂಡು ಮಕ್ಕಳ ಕಾಪಿ ತಿದ್ದುತ್ತಿದ್ದೆ. ಆ ವರ್ಷ ನಾಲ್ಕನೆಯ ಇಯತ್ತೆಯ ಮಕ್ಕಳ ಅಂಕಗಳು ಕೆಂಪು ಸೀರೆಯ ದಿನ ಒಂದು ಬಗೆ, ಹಸಿರು ಸೀರೆಯ ದಿನ ಇನ್ನೊಂದು ಬಗೆ.

ಚೊಚ್ಚಲ ಬಾಣಂತನಕ್ಕೆ ಹೋದ ಗಿರಿಜೆ ಮಗಳು ಹುಟ್ಟಿದ ನಾಲ್ಕನೆಯ ತಿಂಗಳಿಗೆ ಮಗುವನ್ನು ಎತ್ತಿಕೊಂಡು ಮನೆಗೆ ಬಂದಿದ್ದಳು. ಜೊತೆಯಲ್ಲಿ ಬಿಟ್ಟುಹೋಗಲು ಅತ್ತೆ. ಬೀಟೆ ಮರದ ತೊಟ್ಟಿಲನ್ನು ಒರೆಸಿ ಒರೆಸಿ ನಾನು ಕನ್ನಡಿ ಮಾಡಿಟ್ಟಿದ್ದೆ. ಮಗು ಅದರಲ್ಲಿ ಮಲಗಿ ನನ್ನನ್ನೇ ನೋಡಿತು, ನಾನು ಅದನ್ನೇ ನೋಡಿದೆ, ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಆ ಸಂಭ್ರಮದಲ್ಲಿ ನನಗೆ ಬುದ್ಧಿ ಇರಬೇಕಾದ ಕಡೆ ಇರಲಿಲ್ಲ. ಮುಚ್ಚಂಜೆಯಾಯಿತು, ಅಭ್ಯಾಸಬಲದಿಂದ ಕೋವಿ ತೆಗೆದುಕೊಂಡೆ, ಅಂಗಳದ ತುದಿಯಲ್ಲೇ ನಿಂತು ಢಮ್ಮೆನಿಸಿದೆ. ಒಳಗೆ ಮಗು ಬೆಚ್ಚಿಬಿದ್ದು ಕಿಟಾರನೆ ಕಿರಿಚಿತು. ಬೆಳಗಿನವರೆಗೆ ಬೆಚ್ಚಿ ಬೆಚ್ಚಿ ಅತ್ತಿತು. ಅತ್ತೆ ಮೊದಲನೆಯ ದೋಣಿಗೆ ಮಗಳನ್ನೂ ಮೊಮ್ಮಗಳನ್ನೂ ಹೊರಡಿಸಿದರು. ದೋಣಿ ಹತ್ತುವ ಮುಂಚೆ ನನ್ನ ಕಡೆ ತಿರುಗಿ, "ನಿಮ್ಮ ಕೋವಿ ಸದ್ದ್ ನಮ್ಮ ಜಗಲಿಗೆ ಕೇಂಬುದ್ ನಿಂತ ಮೇಲೆ ಬನ್ನಿ. ಅಲ್ಲಿವರಿಗೆ ಮಗಿ ಹೊಳಿ ದಾಟೂದಿಲ್ಲ" ಎಂದರು. ಗಿರಿಜೆ ನನ್ನ ಕಡೆ ನೋಡಿದಳು, ಅಮ್ಮನ ಕಡೆ ನೋಡಿದಳು, ಮಗುವಿನ ತಲೆಗೆ ಸೆರಗು ಮುಚ್ಚಿದಳು. ದೋಣಿ ಹೋಯಿತು. ಮನೆಗೆ ಬಂದರೆ ತೊಟ್ಟಿಲು ಗಾಳಿಗೆ ಸ್ವಲ್ಪ ಆಡುತ್ತಿತ್ತು, ಅದನ್ನು ಕೈಯಿಂದ ಹಿಡಿದು ನಿಲ್ಲಿಸುವಾಗ ನನಗೆ ಆದ ಸಂಕಟವನ್ನು ಇಲ್ಲಿ ಹಾಸ್ಯ ಮಾಡಲಾರೆ.

ಕೋವಿ ಬಿಡೋಣವೆಂದರೆ ಸುಗ್ಗಿ ಬೆಳೆ ತೆನೆ ಬಿಡುವ ಹೊತ್ತು, ಯುದ್ಧದ ಕಾಲ, ಪೇಟೆಯಲ್ಲಿ ಅಕ್ಕಿ ಕಾಣಸಿಗದು. ಮಾಸ್ತರಿಕೆಯ ಸಂಬಳದಲ್ಲಿ ಹೆಂಡತಿ ಮಗುವಿಗೆ ಬಡಿಸಲು ಇದ್ದದ್ದು ಆ ಗದ್ದೆಯೊಂದೇ. ಕೋವಿ ಹೊಡೆದರೆ ಉಣ್ಣುವವರು ಬರುವುದಿಲ್ಲ, ಹೊಡೆಯದಿದ್ದರೆ ಬಂದವರಿಗೆ ಉಣ್ಣಲು ಇರುವುದಿಲ್ಲ. ಡಬ್ಬ ಬಡಿದು ನೋಡಿದೆ, ಹಂದಿಗಳು ತಾಳಕ್ಕೆ ಸರಿಯಾಗಿ ತಿಂದವು. ಈ ಸಂಕಟವನ್ನು ಗದ್ದೆಯ ಅಂಚಿನ ಮೇಲೆ ಕೂತು ಹೇಳಿಕೊಂಡದ್ದು ಶೆಟ್ಟರ ಹತ್ತಿರ. ಅವರ ಗದ್ದೆ ನನ್ನದಕ್ಕೆ ತಾಗಿಯೇ ಇದೆ. ಅವರಲ್ಲಿ ಒಂದು ರೈಫಲ್ ಇತ್ತು. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ಅವರ ತಂದೆಗೆ ಮೆಚ್ಚಿ ಕೊಟ್ಟದ್ದು. ಶೆಟ್ಟರಿಗೆ ಅವತಾರದ ತೊಡಕು ಇಲ್ಲ, ಅವರು ಹೊಡೆದರೆ ಹಂದಿ ಬೀಳುತ್ತದೆ. ಅವರ ಕಷ್ಟ ಬೇರೆ. ನಮ್ಮ ಕಡೆ ಒಂದು ಪದ್ಧತಿ: ಈಡಿನ ಸದ್ದು ಕೇಳಿ, ಹಂದಿಯನ್ನು ಕೊಯ್ಯುವ ಮುಂಚೆ ಬಂದು ನಿಂತವರಿಗೆಲ್ಲ ಒಂದು ಪಾಲು ಕೊಡಬೇಕು. ಇಲ್ಲವೆಂದರೆ ಮರ್ಯಾದೆ ಹೋಯಿತು. ಶೆಟ್ಟರ ರೈಫಲ್ ಟಪ್ ಎಂದರೆ ಸಾಕು, ಮೈಲಿ ದೂರದಲ್ಲಿ ಉಣ್ಣುತ್ತಿದ್ದವನೂ ಕೈ ತೊಳೆದು ಓಡಿ ಬರುತ್ತಿದ್ದ. ಹಂದಿ ಹೊಡೆದವರಿಗೆ ಕೊನೆಗೆ ಉಳಿಯುತ್ತಿದ್ದದ್ದು ಬಾಲದ ಕಡೆಯ ನಾಲ್ಕು ತುಂಡು.

ಹೀಗೆ ಒಬ್ಬನಿಗೆ ಹೆಂಡತಿ ಬರಬೇಕು, ಇನ್ನೊಬ್ಬನಿಗೆ ಊರವರು ಬರಬಾರದು. ಎರಡಕ್ಕೂ ಔಷಧಿ ಒಂದೇ ಎಂದು ಶೆಟ್ಟರಿಗೆ ಹೊಳೆಯಿತು. ದೊರೆಗಳ ಕೋವಿಯ ಬಾಯಿಗೆ ಸಿಕ್ಕಿಸುವ ಒಂದು ಕೊಳವೆ ಉಂಟು, ಅದನ್ನು ಹಾಕಿದರೆ ಈಡು ಕೆಮ್ಮಿದಷ್ಟೂ ಕೇಳುವುದಿಲ್ಲ ಎಂದು ಅವರ ತಂದೆ ಹೇಳಿದ್ದರಂತೆ. ಆ ತೋಟದ ದೊರೆ ಊರು ಬಿಟ್ಟುಹೋಗಿ, ಅವನ ಮನೆಯ ಸಾಮಾನು ಹರಾಜಾಗಿ, ಕುಂದಾಪುರದ ಒಬ್ಬ ಸಾಹೇಬರ ಅಂಗಡಿಗೆ ಬಂದು ಬಿದ್ದಿತ್ತು. ಮುಂದಿನ ಭಾನುವಾರ ನಾವಿಬ್ಬರೂ ಕೋವಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಇದ್ದಿಲಿನ ಬಸ್ಸು ಹತ್ತಿದೆವು. ಹತ್ತಿದೆವು ಎನ್ನುವುದಕ್ಕಿಂತ ತಳ್ಳಿದೆವು ಎಂದರೆ ಸರಿ, ಏಕೆಂದರೆ ಪೆಟ್ರೋಲು ಇಲ್ಲದ ಆ ದಿನಗಳಲ್ಲಿ ಪ್ರತಿ ಏರಿನಲ್ಲೂ ಗಂಡಸರೆಲ್ಲ ಇಳಿದು ಬಸ್ಸಿಗೆ ಹೆಗಲು ಕೊಡಬೇಕಿತ್ತು. ಗೋಣಿಯೊಳಗೆ ಏನೆಂದು ಕೇಳಿದವರಿಗೆ ಶೆಟ್ಟರು ಕಬ್ಬು ಎನ್ನುತ್ತಿದ್ದರು. ಒಬ್ಬಾಕೆ ಮಗುವಿಗೆ ಒಂದು ತುಂಡು ಕೇಳಿದಾಗ ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು.

ಸಾಹೇಬರ ಅಂಗಡಿಯಲ್ಲಿ ಒಡೆದ ಪಿಂಗಾಣಿ, ಕುದುರೆಯ ಜೀನು, ಕಾಲು ಮುರಿದ ಪಿಯಾನೋಗಳ ನಡುವೆ ಎರಡೇ ಎರಡು ಕೊಳವೆಗಳಿದ್ದವು. ಒಂದು ಸಣ್ಣದು, ನಯವಾದದ್ದು, ನೋಡಿದರೆ ಮುದ್ದು ಬರುವಂಥದ್ದು. ಇನ್ನೊಂದು ದೊಡ್ಡದು, ಕಪ್ಪಗೆ, ನಮ್ಮ ಕಡೆ ನೀರಾ ಇಳಿಸುವ ಬಿದಿರಿನ ಅಂಡೆಯಂತಿತ್ತು. ಗೋಣಿ ಬಿಚ್ಚಿ ಅಳತೆ ನೋಡಿದಾಗ ನಿಜವಾದ ತೊಡಕು ಶುರುವಾಯಿತು. ನಮ್ಮ ಅಜ್ಜಯ್ಯನ ಕೋವಿಯ ಬಾಯಿಗೆ ನನ್ನ ಹೆಬ್ಬೆರಳು ಸಲೀಸಾಗಿ ಹೋಗುತ್ತದೆ. ಶೆಟ್ಟರ ರೈಫಲಿನ ಬಾಯಿಗೆ ಕಿರುಬೆರಳೂ ತಡೆಯುತ್ತದೆ. ಸಣ್ಣ ಕೊಳವೆ ರೈಫಲಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು, ನನ್ನ ಕೋವಿಯ ಹತ್ತಿರಕ್ಕೂ ಬರಲಿಲ್ಲ. ದೊಡ್ಡದು ನನ್ನದಕ್ಕೆ ಸುಮಾರಾಗಿ ಕೂತಿತು, ರೈಫಲಿನ ಮೇಲೆ ಗಲಗಲ ಅಲ್ಲಾಡಿತು. ಎರಡನ್ನೂ ಕೊಳ್ಳುವ ಹಾಗಿರಲಿಲ್ಲ, ಇಬ್ಬರ ದುಡ್ಡು ಸೇರಿಸಿದರೂ ಒಂದಕ್ಕೇ ಸಾಲುತ್ತಿತ್ತು. ಒಂದನ್ನು ಆರಿಸಿಕೊಳ್ಳಿ ಎಂದರು. ಎಷ್ಟು ಸದ್ದು ತಡೆಯುತ್ತದೆ ಎಂದು ಕೇಳಿದ್ದಕ್ಕೆ ಅವರು ಗಡ್ಡ ನೀವಿಕೊಂಡು, "ಸಣ್ಣದ್ ಒಬ್ರಿಗ್ ಪೂರ್ತಿ, ಇನ್ನೊಬ್ರಿಗ್ ಎಂತದೂ ಇಲ್ಲ. ದೊಡ್ಡದ್ ಇಬ್ರಿಗೂ ಮುಕ್ಕಾಲ್. ಕಾಣಿ, ನಿಮ್ಮ್ ಖುಷಿ" ಎಂದರು.

ಹೆಂಡತಿಯನ್ನು ಆರಿಸುವಾಗಲೂ ನಾನು ಇಷ್ಟು ತಿಣುಕಿರಲಿಲ್ಲ, ಆಗ ಮಾವನೇ ಆರಿಸಿ ಕೊಟ್ಟಿದ್ದರು. ನಾವು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ನಾನು ಶಾಲೆಯ ಧಾಟಿಯಲ್ಲಿ ದೊಡ್ಡದರ ಗುಣಗಳನ್ನು ವಿವರಿಸತೊಡಗಿದೆ: ದೊಡ್ಡದಕ್ಕೆ ಒಂದು ಹಿತ್ತಾಳೆಯ ಬಳೆ ಮಾಡಿಸಿದರೆ ಸಣ್ಣ ಬಾಯಿಗೂ ಸರಿಹೋಗುತ್ತದೆ, ಸಣ್ಣದನ್ನು ಹಿಗ್ಗಿಸಲು ಬ್ರಹ್ಮನಿಂದಲೂ ಆಗದು, ಇತ್ಯಾದಿ. ಶೆಟ್ಟರು ತಲೆಯಾಡಿಸುತ್ತ ಅಂಗಡಿಯೊಳಗಿನ ಸಣ್ಣ ಕೊಳವೆಯನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ಇಡೀ ಒಂದು ಹಂದಿ ಇತ್ತು. ವಿವರಿಸುತ್ತ ವಿವರಿಸುತ್ತ ನನ್ನ ಮಾತು ಕೊಳವೆ ಬಿಟ್ಟು ಬೀಟೆ ಮರದ ತೊಟ್ಟಿಲಿಗೆ ಹೋಗಿತ್ತು. ಶೆಟ್ಟರು ಎದ್ದು ಪಂಚೆ ಕೊಡವಿದರು. "ದೊಡ್ಡದೇ ತಕಂಬ ಮಾಸ್ಟ್ರೇ. ನನ್ ಪಾಲ್ ಹೋರೆ ಹೋಯ್ಲಿ, ನಿಮ್ಮ್ ಮಗಿ ಮನಿಗ್ ಬರ್ಲಿ" ಎಂದರು. ಹಂದಿಯ ಮಾಂಸದ ವಿಷಯದಲ್ಲಿ ಇಡೀ ಊರು ಜಿಪುಣನೆಂದು ಕರೆಯುವ ಮನುಷ್ಯ ಅವರು.

ಊರಿನ ಆಚಾರಿ ಬಳೆ ಮಾಡಿಕೊಟ್ಟ. ಕೊಳವೆ ಒಂದು, ಕೋವಿ ಎರಡು, ಮುಚ್ಚಂಜೆ ಮಾತ್ರ ಇಬ್ಬರಿಗೂ ಒಂದೇ. ಹಾಗಾಗಿ ಮೊದಲು ನಾನು ಹೊಡೆಯುವುದು, ಆಮೇಲೆ ಬಿಸಿ ಕೊಳವೆಯನ್ನು ಅಡಿಕೆ ಹಾಳೆಯಲ್ಲಿ ಹಿಡಿದು ಅಂಚಿನ ಮೇಲೆ ಓಡಿ ಶೆಟ್ಟರಿಗೆ ಮುಟ್ಟಿಸುವುದು, ಅವರು ಬಳೆ ಹಾಕಿ ಬಿಗಿಯುವುದು ಎಂದು ಗೊತ್ತುಮಾಡಿಕೊಂಡೆವು. ಮೊದಲನೆಯ ದಿನ ಕೊಳವೆ ಬಿಗಿದು ಗದ್ದೆಯ ತಲೆಯಲ್ಲಿ ನಿಂತೆ. ಕೋವಿಯ ಕುದುರೆ ಎಳೆದೆ. ಬುಸ್ ಎಂದಿತು, ಅಷ್ಟೇ. ತೆಂಗಿನ ಮರದ ಕಾಗೆ ಕೂಡ ಕತ್ತು ತಿರುಗಿಸಲಿಲ್ಲ. ನಾನು ಕುಣಿದೆ. ಮೂವತ್ತರ ಹತ್ತಿರದ ಮಾಸ್ತರನೊಬ್ಬ ಗದ್ದೆಯಲ್ಲಿ ಒಬ್ಬನೇ ಕುಣಿಯುವುದನ್ನು ಶೆಟ್ಟರು ನೋಡಿದರು, ಆ ಬಗ್ಗೆ ಇಂದಿಗೂ ಬಾಯಿ ಬಿಟ್ಟಿಲ್ಲ. ಅತ್ತೆಗೆ ಹೇಳಿಕಳಿಸಲು ಮನಸ್ಸು ತುಡಿಯಿತು. ಆದರೆ ಕೊಳವೆ ಗಿಳವೆ ಎಂದರೆ ನಂಬುವ ಹೆಂಗಸಲ್ಲ ಅವರು. ಎಂಟು ದಿನ ಅವರ ಜಗಲಿಗೆ ಸದ್ದು ಕೇಳದಿರಲಿ, ಒಂಬತ್ತನೆಯ ದಿನ ನಾನೇ ಒಳ್ಳೆಯ ಪಂಚೆ ಉಟ್ಟು ಹೋಗಿ ಕರೆತರುವುದು ಎಂದು ನಿರ್ಧರಿಸಿದೆ. ದೋಣಿಯ ಅಂಬಿಗನೂ ಆ ವಾರ ಮಗಳ ಮನೆಗೆಂದು ಬೈಂದೂರಿಗೆ ಹೋಗಿದ್ದರಿಂದ ಗುಟ್ಟು ಹೊಳೆ ದಾಟುವ ಭಯವಿರಲಿಲ್ಲ. ಸಂಜೆ ಜಗಲಿಯಲ್ಲಿ ಕೂತು ಹಸಿರು ಸೀರೆಯ ಕಡೆ ನೋಡಿ, ಇನ್ನು ಏಳು ದಿನ, ಇನ್ನು ಆರು ದಿನ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅವಳಿಗೆ ಕೇಳಲಿಲ್ಲ. ನನಗಂತೂ ಅಷ್ಟು ದೂರದಿಂದ ಅವಳ ಬಳೆಯ ಸದ್ದು ಕೇಳಿದ ಹಾಗಾಗುತ್ತಿತ್ತು.

ಗದ್ದೆಯ ಕಡೆ ಮಾತ್ರ ಏನೋ ಸರಿಯಿರಲಿಲ್ಲ. ಎರಡನೆಯ ಬೆಳಿಗ್ಗೆ ಕೆಳಗಿನ ಗದ್ದೆಯ ಒಂದು ಮೂಲೆ ಮಲಗಿತ್ತು. ಮೂರನೆಯ ದಿನ ಎರಡು ಮೂಲೆ. ಆ ಸಂಜೆ ನಾನು ಹೊಡೆಯುವಾಗ ಒಂದು ಹಂದಿ ಆಗಲೇ ಗದ್ದೆಯಲ್ಲಿತ್ತು. ಬುಸ್ ಎಂದದ್ದಕ್ಕೆ ತಲೆಯೆತ್ತಿ ನನ್ನನ್ನು ನೋಡಿ, ಪಾಪ ಮಾಸ್ಟ್ರಿಗೆ ಶೀತ ಆಗಿದೆ ಎಂದುಕೊಂಡು ಮತ್ತೆ ಬಾಯಿ ಹಾಕಿತು. ಶೆಟ್ಟರೂ ನಾನೂ ಅಂಚಿನ ಮೇಲೆ ಕೂತು ಗಂಭೀರವಾಗಿ ಚರ್ಚಿಸಿದೆವು. ಕೊಳವೆ ಸಡಿಲವಾಗಿರಬಹುದು ಎಂದೆ ನಾನು. ಈ ವರ್ಷದ ಹಂದಿಗಳ ಜಾತಿಯೇ ಬೇರೆ ಎಂದರು ಅವರು. ಕೊಳವೆಯನ್ನು ಇನ್ನಷ್ಟು ಬಿಗಿ ಮಾಡಿಸಿದೆವು, ಸದ್ದು ಇನ್ನಷ್ಟು ಕಡಿಮೆಯಾಯಿತು, ಹಂದಿಗಳು ಇನ್ನಷ್ಟು ತಿಂದವು. ನಾಲ್ಕನೆಯ ಸಂಜೆ ಶೆಟ್ಟರ ಗುಂಡಿಗೆ ದೊಡ್ಡದೊಂದು ಗಂಡುಹಂದಿ ಬಿತ್ತು, ಒಬ್ಬರಿಗೂ ಕೇಳಲಿಲ್ಲ. ಶೆಟ್ಟರು ಮೀಸೆ ತಿರುವಿದರು. ಆಮೇಲೆ ಅದನ್ನು ಎತ್ತಲು ಹೋದರು. ಅದು ಅಲುಗಲಿಲ್ಲ. ನಾನು ಮುಟ್ಟುವ ಹಾಗಿಲ್ಲ. ಕೊನೆಗೆ ಅವರೇ ಮನೆಮನೆಗೆ ಹೋಗಿ ಹ್ವಾಯ್ ಹ್ವಾಯ್ ಎಂದು ಜನ ಕರೆಯಬೇಕಾಯಿತು. ಕರೆದವರು ಕರೆಯದವರನ್ನೂ ಕರೆದುಕೊಂಡು ಬಂದರು. ಕರೆಸಿಕೊಂಡು ಬಂದ ನೆಂಟರಿಗೆ ಸಣ್ಣ ಪಾಲು ಕೊಡಲಾಗುತ್ತದೆಯೇ? ಆ ಸಲ ಶೆಟ್ಟರಿಗೆ ಬಾಲದ ಕಡೆಯದೂ ಉಳಿಯಲಿಲ್ಲ.

ಐದನೆಯ ದಿನ ಶಾಲೆಗೆ ರಜೆ. ಮಧ್ಯಾಹ್ನ ಜಗಲಿಯಲ್ಲಿ ಕೂತು ಆಚೆ ದಡ ನೋಡಿದರೆ ಹಗ್ಗದ ಮೇಲೆ ಹಸಿರು ಇಲ್ಲ, ಕೆಂಪೂ ಇಲ್ಲ. ಎದ್ದು ನಿಂತೆ. ಕಣ್ಣು ಕೆಳಗಿಳಿಸಿದರೆ ಹೊಳೆಯ ನಡುವೆ ಮಾವನ ಮನೆಯ ತೆಂಗಿನಕಾಯಿ ಸಾಗಿಸುವ ದೋಣಿ, ಕಾಯಿಯ ರಾಶಿಯ ಮೇಲೆ ಎರಡೂ ಸೀರೆಗಳು. ನಾನು ಗದ್ದೆಯ ಅಂಚಿನ ಮೇಲೆ ಓಡಿದೆ, ಎರಡು ಸಲ ಜಾರಿದೆ. ಗಿರಿಜೆ ದೋಣಿ ದಡಕ್ಕೆ ತಾಗುವ ಮುಂಚೆಯೇ ಮೊಣಕಾಲು ನೀರಿಗೆ ಇಳಿದುಬಿಟ್ಟಳು. ಮಗು ಸೊಂಟದಲ್ಲಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಹಣೆ ಮುಟ್ಟಿ ನೋಡಿದಳು, ಅಮ್ಮನ ಎದುರಿಗೇ. "ಹ್ವಾಯ್, ನಿಮ್ಗ್ ಎಂತ ಆಯ್ತ್? ನಾಕ್ ಸಂಜಿ ಆಯ್ತ್, ಕೋವಿ ಸದ್ದೇ ಇಲ್ಲ" ಎಂದಳು. ನನಗೆ ಏನೂ ಆಗಿಲ್ಲವೆಂದೆ. ಅವಳು ಅಲ್ಲೇ ದಡದ ಮೇಲೆ ಕುಕ್ಕರಿಸಿದಳು. "ಮುಚ್ಚಂಜಿಗ್ ಢಮ್ ಅಂದ್ರೆ ನೀವ್ ಇದ್ರಿ ಅಂದೇಳಿ ನಾನ್ ತಿಳ್ಕಂಬುದ್. ಶೆಟ್ರದ್ ಟಪ್ ಅಂತ್, ಅದ್ ಬೇರೆ. ನಿಮ್ದ್ ಕೇಂಡ್ ಮೇಲೇ ನಾನ್ ದೀಪ ಹಚ್ಚೂದ್" ಎಂದು ಹೇಳುವಾಗ ಅವಳ ದನಿ ಒಡೆಯಿತು.

ಎರಡು ಕೋವಿಗಳ ಬಾಯಿಯ ಅಳತೆಯನ್ನು ನಾವು ಬೆರಳು ತೂರಿಸಿ, ಆಚಾರಿಯನ್ನು ಕೂರಿಸಿ ಕಂಡುಕೊಂಡಿದ್ದೆವು. ಇವಳು ಹೊಳೆಯ ಆಚೆ ಕೂತು ಬರೀ ಕಿವಿಯಲ್ಲಿ ತಿಳಿದಿದ್ದಳು. ನಾನು ಹಸಿರು ಸೀರೆ ನೋಡುತ್ತಿದ್ದ ಹಾಗೆಯೇ ಇವಳು ನನ್ನ ಈಡು ಕೇಳುತ್ತಿದ್ದಳೆಂದು ನನಗೆ ಹೊಳೆದೇ ಇರಲಿಲ್ಲ. ಅತ್ತೆ ಬೇರೆ ಕಡೆ ಮುಖ ತಿರುಗಿಸಿ, ಮಗಿಯೂ ಆ ಸದ್ದು ಕೇಳದೆ ನಾಲ್ಕು ದಿನ ಕಣ್ಣು ಮುಚ್ಚಲಿಲ್ಲ ಎಂದರು. ದೂರದಿಂದ ಕೇಳಿ ಕೇಳಿ ಅದಕ್ಕೂ ರೂಢಿಯಾಗಿತ್ತಂತೆ. ಅಷ್ಟರಲ್ಲಿ ಶೆಟ್ಟರೂ ಬಂದರು. ನಾನು ಸಂಕೋಚದಿಂದ ಕೊಳವೆ ತೋರಿಸಿ, ಕುಂದಾಪುರ, ಬಳೆ, ಬಾಯಿಯ ಅಳತೆ ಎಲ್ಲವನ್ನೂ ವಿವರಿಸಿದೆ. ಗಿರಿಜೆ ಕೊಳವೆ ನೋಡಿದಳು, ಹಂದಿ ಮಲಗಿಸಿದ ಗದ್ದೆ ನೋಡಿದಳು, ಕಣ್ಣೊರೆಸಿಕೊಂಡು ತೀರಾ ಮೆಲ್ಲಗೆ ಕೇಳಿದಳು: "ಹಂದಿ ಓಡ್ಸುಕೆ ಅಂದೇಳಿ ಸದ್ದ್ ಮಾಡೂದಲ್ದಾ? ಸದ್ದ್ ಇಲ್ದಿರೆ ಹಂದಿಗ್ ಗೊತ್ತಾಪ್ದ್ ಹ್ಯಾಂಗೆ?" ನಾಲ್ಕು ಇಯತ್ತೆಗೆ ಲೆಕ್ಕ ಕಲಿಸುವವನು ನಾನು. ಗುಂಡಿಲ್ಲದ ಕೋವಿಯಿಂದ ಸದ್ದನ್ನೂ ಕಳೆದರೆ ಉಳಿಯುವುದು ಎಷ್ಟು ಎಂಬ ಲೆಕ್ಕ ನನಗೆ ಹೊಳೆದಿರಲಿಲ್ಲ.

ಅವಳು ಮತ್ತೆ ದೋಣಿ ಹತ್ತಲಿಲ್ಲ. ಅತ್ತೆಯೂ ಹತ್ತು ಎನ್ನಲಿಲ್ಲ. ನಾನು ಅಂಗಳದ ತುದಿ ಬಿಟ್ಟು, ಗದ್ದೆಯ ಕೆಳಗೆ ಹೊಳೆಯ ಅಂಚಿಗೆ ಹೋಗಿ ಹೊಡೆಯತೊಡಗಿದೆ. ಮನೆಗೆ ಸದ್ದು ಮೆತ್ತಗಾಗಿ ಮುಟ್ಟುತ್ತಿತ್ತು. ಇಷ್ಟು ಸುಲಭದ ಉಪಾಯಕ್ಕೆ ಬಸ್ಸು ತಳ್ಳಬೇಕಿರಲಿಲ್ಲ ಎಂದು ನೀವು ಹೇಳಬೇಡಿ, ಗಿರಿಜೆ ಹೇಳಿಯಾಗಿದೆ. ಮಗಳು ಮಾತು ಕಲಿತಾಗ ಅಮ್ಮ ಎನ್ನುವ ಮೊದಲು ಡುಮ್ ಎಂದಳು. ಕೊಳವೆ ಈಗಲೂ ಇಬ್ಬರ ಸೊತ್ತೇ. ಆರು ತಿಂಗಳು ನಮ್ಮ ಮನೆಯ ಬಾಗಿಲು ಗಾಳಿಗೆ ಹಾಕಿಕೊಳ್ಳದಂತೆ ಅಡ್ಡ ಇರುತ್ತದೆ, ಆರು ತಿಂಗಳು ಶೆಟ್ಟರ ಮನೆಯಲ್ಲಿ.

ಇಷ್ಟೆಲ್ಲ ಆದಮೇಲೂ ಮೊದಲಿಗೆ ಹೇಳಿದ ಹಲ್ಲಿ ಎಲ್ಲಿಂದ ಬಂತೆಂದು ಕೇಳುವಿರಿ. ಗಿರಿಜೆ ಹೋದ ತಿಂಗಳು ಎರಡನೆಯ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ, ಡುಮ್ ಎನ್ನುವವಳನ್ನೂ ಕರೆದುಕೊಂಡು. ಎದುರಿನ ಹಗ್ಗದ ಮೇಲೆ ಮತ್ತೆ ಹಸಿರು ಸೀರೆ ಒಣಗುತ್ತಿದೆ, ಅದರ ಪಕ್ಕದಲ್ಲಿ ಅಂಗೈಯಷ್ಟಗಲದ ಒಂದು ಲಂಗ. ಮುಚ್ಚಂಜೆಗೆ ನಾನು ಹೊಳೆಯ ಅಂಚಿಗೆ ಹೋಗಿ ಒಂದು ಈಡು ಹೊಡೆಯುತ್ತೇನೆ, ಅದು ಹಂದಿಗೆ. ಆಮೇಲೆ ಕೋವಿಗೆ ಇನ್ನೊಮ್ಮೆ ಮದ್ದು ತುಂಬಿ ಇನ್ನೊಂದು ಈಡು ಹೊಡೆಯುತ್ತೇನೆ. ಆಚೆ ದಡದಲ್ಲಿ ದೀಪ ಹತ್ತುವುದನ್ನು ನೋಡಿಕೊಂಡು ಮನೆಗೆ ಬರುತ್ತೇನೆ. ನಿನ್ನೆ ಶೆಟ್ಟರು ಅಂಚಿನ ಮೇಲೆ ಸಿಕ್ಕಿ, "ಎಂತ ಮಾಸ್ಟ್ರೇ, ದಿನಾ ಎರಡ್ ಈಡ್ ಕೇಂತ್, ಹಂದಿ ಜಾಸ್ತಿ ಆಯ್ತಾ?" ಎಂದು ಕೇಳಿದರು. ಹೌದು, ಬಹಳ ಜಾಸ್ತಿಯಾಗಿದೆ ಎಂದೆ. ಕೊಲ್ಲಬಾರದೆಂದು ಅಜ್ಜಯ್ಯ ಹೇಳಿಹೋಗಿದ್ದರು, ಸುಳ್ಳಿನ ವಿಷಯ ಅವರೇನೂ ಎತ್ತಿರಲಿಲ್ಲ.